ಯಾರ ಜೊತೆ ಕೂತು ಕಲಿಯುವುದು?

ಮಕ್ಕಳು ಒಂಟಿಯಾಗಿ ಕಲಿಯುವುದಿಲ್ಲ, ಇನ್ನೊಬ್ಬರ ಜೊತೆಗಿನ ಸಂಬಂಧದಲ್ಲಿ ಕಲಿಯುತ್ತಾರೆ ಎಂಬ ಮಾತನ್ನು ಇವತ್ತು ಶಿಕ್ಷಣದ ಬಗ್ಗೆ ಬರೆಯುವವರೆಲ್ಲ ಒಪ್ಪಿಕೊಂಡುಬಿಟ್ಟಿದ್ದಾರೆ. ಡಿ.ಇಡಿ. ನೋಟ್ಸುಗಳಲ್ಲಿ, ಇಲಾಖೆಯ ತರಬೇತಿ ಕೈಪಿಡಿಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳ ಬಣ್ಣದ ಪುಸ್ತಿಕೆಗಳಲ್ಲಿ 'ಸಹಭಾಗಿ ಕಲಿಕೆ', 'ಸಂಬಂಧಾಧಾರಿತ ಕಲಿಕೆ', 'ಕೂಡಿ ಕಲಿಯೋಣ' ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಮಾತಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದನ್ನು ಹೇಳುವ ಧಾಟಿಯ ಬಗ್ಗೆ. ಸಂಬಂಧ ಎಂಬುದು ತಂತಾನೇ ಒಳ್ಳೆಯದು, ಮಕ್ಕಳನ್ನು ಸುತ್ತ ಕೂರಿಸಿಬಿಟ್ಟರೆ ಮಿಕ್ಕದ್ದು ಅದರಷ್ಟಕ್ಕೆ ಅದು ಆಗುತ್ತದೆ ಎಂಬ ನಂಬಿಕೆ ಈ ಧಾಟಿಯಲ್ಲಿದೆ.

ನಮ್ಮ ಹಳ್ಳಿಗಳ ಕನ್ನಡದಲ್ಲಿ 'ಸಂಬಂಧ' ಅಂದರೆ ಏನು? 'ಅವರ ಮನೇಲಿ ಸಂಬಂಧ ಬೆಳಸವ್ರೆ' ಅಂದರೆ ಹೆಣ್ಣು ಕೊಟ್ಟಿದ್ದಾರೆ, ಇಲ್ಲವೇ ತಂದಿದ್ದಾರೆ ಅಂತ. ಅಂದರೆ ಈ ಪದದ ಮೊದಲ ಅರ್ಥವೇ ಜಾತಿಯ ಬೇಲಿಯೊಳಗಿನದು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅಂಬೇಡ್ಕರ್ ಜಾತಿಯ ತಿರುಳು ಇರುವುದು ಒಳಜಾತಿಯ ಮದುವೆಯಲ್ಲಿ ಎಂದು ತೋರಿಸಿದ್ದರು. ವಿದ್ವಾಂಸರು ವಾದ ಹೂಡಿ ಸಾಧಿಸಬೇಕಾದದ್ದನ್ನು ನಮ್ಮ ಅಜ್ಜಿಯರ ಮಾತು ಒಂದೇ ಪದದಲ್ಲಿ ಇಟ್ಟುಕೊಂಡಿದೆ. ಇಂಥ ಪದವನ್ನು ಎತ್ತಿ ಮೂರು ವರ್ಷದ ಮಗುವಿನ ಕಲಿಕೆಯ ಮುಂದೆ ಇಡುವಾಗ ಸ್ವಲ್ಪ ಎಚ್ಚರ ಬೇಡವೆ?

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಬಾಲವಾಡಿಯ ಮಾತು ಯಾಕೆ ಎಂದು ಗೆಳೆಯರು ಕೇಳಬಹುದು. ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಶಿಕ್ಷಣಶಾಸ್ತ್ರಜ್ಞೆಯಲ್ಲ. ಆದರೆ ದಲಿತ ಆತ್ಮಕಥನಗಳನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ಒಂದು ವಿಚಿತ್ರ ಕಾಣಿಸುತ್ತದೆ. ಈ ಕಥನಗಳಲ್ಲಿ ಶಾಲೆಯ ಪ್ರಸಂಗ ಇಲ್ಲದೇ ಇರುವುದು ಅಪರೂಪ. ನಮ್ಮ ವಿಮರ್ಶೆ ಆ ಪ್ರಸಂಗಗಳನ್ನೆಲ್ಲ 'ನೋವಿನ ದಾಖಲೆ', 'ಅವಮಾನದ ಕಥನ' ಎಂದು ಓದಿ ಮುಂದಕ್ಕೆ ಹೋಗುತ್ತದೆ. ನೋವು ನಿಜ. ಆದರೆ ಬರೀ ನೋವೆಂದು ಓದುವುದರಲ್ಲಿ ಒಂದು ಯಜಮಾನಿಕೆ ಇದೆ. ಅನುಭವ ನಿಮ್ಮದು, ಸಿದ್ಧಾಂತ ನಮ್ಮದು ಎಂಬ ಹಳೇ ಪಾಲು ಅದು. ಆ ಪ್ರಸಂಗಗಳನ್ನು ಬರೆದವರು ಮಗು ಹೇಗೆ ಕಲಿಯುತ್ತದೆ, ಯಾರಿಂದ ಕಲಿಯುತ್ತದೆ, ಯಾವುದು ಕಲಿಕೆಯನ್ನು ತಡೆಯುತ್ತದೆ ಎಂಬ ಬಗ್ಗೆ ಏನನ್ನೋ ಹೇಳುತ್ತಿದ್ದಾರೆ. ಅದನ್ನು ಕಲಿಕೆಯ ಸಿದ್ಧಾಂತವಾಗಿಯೇ ಓದಬೇಕು ಎಂಬುದು ನನ್ನ ವಾದ.

ಮೊದಲು ಎದುರು ಪಕ್ಷದ ಬಲವನ್ನು ಒಪ್ಪಿಕೊಳ್ಳೋಣ. ರಷ್ಯಾದ ಲೆವ್ ವೈಗೋಟ್‌ಸ್ಕಿ 1934ರಲ್ಲಿ, ಇನ್ನೂ ಮೂವತ್ತೇಳರ ಪ್ರಾಯದಲ್ಲೇ, ಕ್ಷಯದಿಂದ ತೀರಿಕೊಂಡ. ಮಗು ಇವತ್ತು ಒಂಟಿಯಾಗಿ ಏನು ಮಾಡಬಲ್ಲದು ಎಂಬುದನ್ನಷ್ಟೇ ಅಳೆದರೆ ಸಾಲದು, ದೊಡ್ಡವರ ಅಥವಾ ತನಗಿಂತ ಬಲ್ಲ ಸಹಪಾಠಿಯ ನೆರವಿನಿಂದ ಏನು ಮಾಡಬಲ್ಲದು ಎಂಬುದನ್ನು ನೋಡಬೇಕು ಎಂದವನು ಅವನು. ಆ ಎರಡರ ನಡುವಿನ ಅಂತರವನ್ನೇ 'ಸಮೀಪ ವಿಕಾಸದ ವಲಯ' ಎಂದು ಕರೆದ. ಇದು ದೊಡ್ಡ ಮಾತು. ಬುದ್ಧಿ ಎಂಬುದು ಹುಟ್ಟಿನಿಂದ ಬಂದ ಆಸ್ತಿಯಲ್ಲ, ಇಬ್ಬರ ನಡುವೆ ಹುಟ್ಟುವಂಥದ್ದು ಎಂದು ಇದರಿಂದ ಹೇಳಿದ ಹಾಗಾಯಿತು. ಹುಟ್ಟಿನ ಬುದ್ಧಿಯ ಬಗ್ಗೆ ಸಾವಿರಾರು ವರ್ಷ ಕೊಚ್ಚಿಕೊಂಡ ನಾಡಿನಲ್ಲಿ ಇದನ್ನು ನಾವು ಎರಡೂ ಕೈಯಲ್ಲಿ ಬಾಚಿಕೊಳ್ಳಬೇಕು.

ಇಟಲಿಯ ರೆಜ್ಜೊ ಎಮಿಲಿಯಾದ ಕತೆಯೂ ಹಾಗೆಯೇ. 1945ರಲ್ಲಿ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ, ಓಡಿಹೋದ ಜರ್ಮನರು ಬಿಟ್ಟುಹೋಗಿದ್ದ ಒಂದು ಟ್ಯಾಂಕು, ಕೆಲವು ಟ್ರಕ್ಕು, ಕುದುರೆಗಳನ್ನು ಮಾರಿ ಬಂದ ದುಡ್ಡಿನಲ್ಲಿ ತಮ್ಮ ಚಿಕ್ಕಮಕ್ಕಳಿಗೆ ಶಾಲೆ ಕಟ್ಟಲು ಶುರುಮಾಡಿದರು. ಸುದ್ದಿ ಕೇಳಿ ಸೈಕಲ್ ತುಳಿದುಕೊಂಡು ನೋಡಲು ಹೋದ ಲೋರಿಸ್ ಮಾಲಗುತ್ಸಿ ಎಂಬ ತರುಣ ಮೇಷ್ಟ್ರು ಅಲ್ಲಿಂದ ಹಿಂದಿರುಗಿ ನೋಡಲಿಲ್ಲ. ಮಗು, ಶಿಕ್ಷಕಿ, ತಂದೆತಾಯಿ ಈ ಮೂವರ ಸಂಬಂಧವೇ ಶಿಕ್ಷಣ ಎಂಬ ಅವನ ಕಾಣ್ಕೆ ಹುಟ್ಟಿದ್ದು ಫ್ಯಾಸಿಸಂ ಅನ್ನು ಎದುರಿಸಿದ ಜನರ ನಡುವೆ. ಅದೇ ರೆಜ್ಜೊ ಹೆಸರು ಈಗ ನಮ್ಮ ಮಹಾನಗರಗಳಲ್ಲಿ ಲಕ್ಷಗಟ್ಟಲೆ ಫೀಸಿನ ನರ್ಸರಿಗಳ ಬೋರ್ಡಿನ ಮೇಲಿದೆ. ಟ್ಯಾಂಕು ಮಾರಿದ ಕತೆಯನ್ನು ಆ ನರ್ಸರಿಗಳು ಪೋಷಕರ ಸಭೆಯಲ್ಲಿ ಹೇಳುತ್ತವೋ ಇಲ್ಲವೋ!

ಇರಲಿ. ಈಗ ನಮ್ಮ ಪಠ್ಯಗಳಿಗೆ ಬರೋಣ.

ಸತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಉಳಿದ ಹುಡುಗರ ನಡುವೆ ಕೂರುವ ಹಾಗಿರಲಿಲ್ಲ. ಒಂದು ಮೂಲೆಯಲ್ಲಿ, ತನ್ನದೇ ಗೋಣಿತಟ್ಟಿನ ಮೇಲೆ ಕೂರಬೇಕು. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕು. ನೀರು ಬೇಕಾದರೆ ಜವಾನ ಬಂದು ನಲ್ಲಿ ತಿರುಗಿಸಬೇಕು, ಜವಾನ ಇಲ್ಲದ ದಿನ ನೀರೂ ಇಲ್ಲ. 'ವೀಸಾಕ್ಕಾಗಿ ಕಾಯುತ್ತಾ' ಎಂಬ ಪುಟ್ಟ ಬರಹದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಈ ಗೋಣಿತಟ್ಟನ್ನು ನಾವು ಭಾಷಣಗಳಲ್ಲಿ ಸಾಕಷ್ಟು ಬಳಸಿದ್ದೇವೆ. ಆದರೆ ಒಂದು ವಿಷಯ ಗಮನಿಸಿಲ್ಲ. ಅದೇ ಕೋಣೆಯಲ್ಲಿ ಉಳಿದ ಹುಡುಗರೂ ಇದ್ದರಲ್ಲ, ಅವರು ಆವತ್ತು ಏನು ಕಲಿತರು?

ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಬರುವ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಪ್ರಸಂಗ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಮೇಷ್ಟ್ರು ಭೀಮರಾಯನನ್ನು ಲೆಕ್ಕ ಬಿಡಿಸಲು ಬೋರ್ಡಿನ ಹತ್ತಿರ ಕರೆಯುತ್ತಾರೆ. ತಕ್ಷಣ ತರಗತಿಯಲ್ಲಿ ಗುಲ್ಲೋ ಗುಲ್ಲು. ಬೋರ್ಡಿನ ಹಿಂದೆ ಹುಡುಗರ ಬುತ್ತಿಡಬ್ಬಗಳಿವೆ! ಭೀಮರಾಯ ಬೋರ್ಡು ಮುಟ್ಟುವ ಮೊದಲು ಎಲ್ಲರೂ ಓಡಿಹೋಗಿ ಡಬ್ಬ ಎತ್ತಿಕೊಳ್ಳುತ್ತಾರೆ. ಸಿದ್ಧಾಂತದ ಭಾಷೆಯಲ್ಲಿ ಹೇಳುವುದಾದರೆ ಇದು ಪರಿಪೂರ್ಣ ಸಹಭಾಗಿ ಕಲಿಕೆ. ಯಾರೂ ಹೇಳಿಕೊಡದೆ, ಒಬ್ಬರನ್ನೊಬ್ಬರು ನೋಡಿ, ಒಟ್ಟಾಗಿ, ಒಂದೇ ಗಳಿಗೆಯಲ್ಲಿ ಒಂದು ಕೆಲಸ ಮುಗಿಸಿದ್ದಾರೆ. ಬೋರ್ಡಿನ ಮುಂದೆ ಗಣಿತ ನಡೆಯಿತು, ಹಿಂದೆ ಜಾತಿ ನಡೆಯಿತು. ಎರಡರಲ್ಲಿ ಯಾವುದನ್ನು ಆ ಹುಡುಗರು ಬದುಕಿಡೀ ನೆನಪಿಟ್ಟುಕೊಂಡಿರಬಹುದು?

ಸಂಬಂಧದ ಮೂಲಕ ಕಲಿಯುವುದು ಎಂದರೆ ಇದೂ ಹೌದು. ಕೂಡಿ ಕಲಿಯುವುದನ್ನು ನಾವು ಹೊಸದಾಗಿ ತರಬೇಕಾಗಿಲ್ಲ. ಅದು ಯಾವತ್ತೂ ನಡೆಯುತ್ತಲೇ ಇತ್ತು. ಮಕ್ಕಳು ಮುಗ್ಧರು, ಜಾತಿ ದೊಡ್ಡವರ ಕಾಯಿಲೆ ಎಂಬ ಭಾವುಕತೆ ನಮ್ಮ ಪ್ರಗತಿಪರ ಗೆಳೆಯರಲ್ಲೂ ಇದೆ. ನಾಲ್ಕು ವರ್ಷದ ಮಗುವಿಗೆ ಯಾರ ಮನೆಯ ನೀರು ಕುಡಿಯಬಾರದು ಎಂಬುದು ಗೊತ್ತಿರುತ್ತದೆ. ಅಕ್ಷರಕ್ಕಿಂತ ಮೊದಲು ಗೊತ್ತಿರುತ್ತದೆ. ಅದನ್ನು ಪಾಠ ಮಾಡಿ ಕಲಿಸಿದವರು ಯಾರೂ ಇಲ್ಲ, ಅವ್ವನ ಕಣ್ಣಿನ ಸನ್ನೆ, ಅಣ್ಣನ ಕೈ ಜಗ್ಗು, ಅಷ್ಟೆ.

ಓಂಪ್ರಕಾಶ್ ವಾಲ್ಮೀಕಿಯವರ 'ಜೂಠನ್' 1997ರಲ್ಲಿ ಹಿಂದಿಯಲ್ಲಿ ಬಂತು. ಅದರಲ್ಲಿ ಹೆಡ್‌ಮಾಸ್ತರು ಹುಡುಗನ ಕೈಗೆ ಪೊರಕೆ ಕೊಟ್ಟು ಶಾಲೆಯ ಬಯಲು ಗುಡಿಸಲು ಹಚ್ಚುತ್ತಾನೆ. ನಿನ್ನ ಕುಲದ ಕಸುಬು ತಾನೇ ಇದು, ಎಂಬುದು ಆತನ ತರ್ಕ. ಉಳಿದ ಮಕ್ಕಳು ಒಳಗೆ ಓದುತ್ತಿದ್ದಾರೆ. ದಾರಿಯಲ್ಲಿ ಹೋಗುತ್ತಿದ್ದ ಅಪ್ಪ ಅದನ್ನು ಕಂಡು ಒಳನುಗ್ಗಿ ಪೊರಕೆ ಕಿತ್ತೆಸೆದು ಹೆಡ್‌ಮಾಸ್ತರನ ಮೇಲೆ ಗುಡುಗುತ್ತಾನೆ. ಈ ಭಾಗವನ್ನು ಓದಿಸುವಾಗ ನನ್ನ ವಿದ್ಯಾರ್ಥಿಗಳು ಅಪ್ಪನ ಧೈರ್ಯವನ್ನು ಮೆಚ್ಚುತ್ತಾರೆ. ನಾನು ಅವರಿಗೆ ಹೇಳುವುದು, ಹೆಡ್‌ಮಾಸ್ತರನ ತರ್ಕವನ್ನು ಸ್ವಲ್ಪ ಹೊತ್ತು ನೋಡಿ ಅಂತ. ಯಾಕೆಂದರೆ ಆ ತರ್ಕಕ್ಕೆ ಬಹಳ ಮರ್ಯಾದಸ್ಥ ರೂಪವೂ ಒಂದಿದೆ.

1991ರಲ್ಲಿ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಎಂಬಿಬ್ಬರು ಬರೆದ ಪುಸ್ತಕ ಕಲಿಕೆಯ ಚರ್ಚೆಯನ್ನೇ ತಿರುಗಿಸಿತು. ಯುಕತಾನಿನ ಮಾಯಾ ಸೂಲಗಿತ್ತಿಯರು, ಲೈಬೀರಿಯಾದ ದರ್ಜಿಗಳು ಶಾಲೆಯಿಲ್ಲದೆ ಹೇಗೆ ಕಲಿಯುತ್ತಾರೆ? ಬಲ್ಲವರ ಪಕ್ಕದಲ್ಲಿ ಅಂಚಿನಲ್ಲಿ ಕೂತು, ಸಣ್ಣಪುಟ್ಟ ಕೆಲಸ ಮಾಡುತ್ತಾ, ನಿಧಾನಕ್ಕೆ ನಡುವಿಗೆ ಬರುತ್ತಾರೆ. ಬಾರ್ಬರಾ ರೊಗಾಫ್ ಗ್ವಾಟೆಮಾಲಾದ ಮಾಯಾ ಮಕ್ಕಳ ನಡುವೆ ಕಂಡದ್ದೂ ಇದನ್ನೇ. ಮಗು ದೊಡ್ಡವರ ಕೆಲಸವನ್ನು ನೋಡುತ್ತಾ ನೋಡುತ್ತಾ ಕೈ ಹಾಕುತ್ತದೆ, ಕಲಿಯುತ್ತದೆ. ಓದುವಾಗ ಸಂತೋಷವಾಗುತ್ತದೆ. ನಮ್ಮ ಕೇರಿಯ ಮಕ್ಕಳು ಹಾಗೇ ಅಲ್ಲವೆ ಕಲಿತದ್ದು ಅನ್ನಿಸುತ್ತದೆ. ಆಮೇಲೆ ಮೈ ಜುಮ್ಮೆನ್ನುತ್ತದೆ. ಸತ್ತ ದನ ಹೊರುವುದನ್ನು, ಚರ್ಮ ಹದ ಮಾಡುವುದನ್ನು, ತಮಟೆ ಕಾಯಿಸುವುದನ್ನು, ಹೊಲಸು ಬಾಚುವುದನ್ನು ನಮ್ಮ ಮಕ್ಕಳು ಕಲಿತದ್ದೂ ಇದೇ ದಾರಿಯಲ್ಲಿ, ಅಪ್ಪನ ಪಕ್ಕದಲ್ಲಿ ನಿಂತು. ಮಾಯಾ ಸೂಲಗಿತ್ತಿ ಅಂಚಿನಿಂದ ನಡುವಿಗೆ ಬರುತ್ತಾಳೆ. ನಮ್ಮ ಹುಡುಗ ಎಷ್ಟು ಚೆನ್ನಾಗಿ ಕಲಿತರೂ ಊರಿನ ಅಂಚಿನಲ್ಲೇ ಇರುತ್ತಾನೆ. ಜಾತಿಯೂ ಒಂದು ಗುರುಕುಲ ಕಣ್ರೀ, ಅದಕ್ಕೆ ರಜೆಯೇ ಇಲ್ಲ.

ಇದು ನನ್ನ ಕಲ್ಪನೆಯ ಭಯವಲ್ಲ, ಚರಿತ್ರೆಯಲ್ಲಿ ನಡೆದದ್ದು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ದಿನಕ್ಕೆ ಐದು ಗಂಟೆಯಿದ್ದ ಶಾಲೆ ಮೂರು ಗಂಟೆಗೆ ಇಳಿಯಿತು. ಮಿಕ್ಕ ಹೊತ್ತಿನಲ್ಲಿ ಮಗು ಮನೆಯಲ್ಲಿ ತಂದೆತಾಯಿಯ ಕಸುಬನ್ನು ನೋಡಿ, ಮಾಡಿ ಕಲಿಯಲಿ ಎಂದರು. ಪುಸ್ತಕದ ಓದು ಸಾಕು, ಬದುಕಿನಿಂದ ಕಲಿಯಲಿ. ಕೇಳಲು ಎಷ್ಟು ಚೆನ್ನಾಗಿದೆ! ಇವತ್ತಿನ ಕೈಪಿಡಿಯೊಂದರಲ್ಲಿ ಸೇರಿಸಿದರೆ ಯಾರಿಗೂ ಗುಮಾನಿ ಬಾರದು. ಪೆರಿಯಾರರಿಗೆ ಮಾತ್ರ ಅರ್ಥವಾಯಿತು. ಅಗಸರ ಮಗ ಬಟ್ಟೆ ಒಗೆಯಲಿ, ಬ್ರಾಹ್ಮಣರ ಮಗ ಮನೆಯಲ್ಲೂ ಓದಲಿ ಎಂದು ತಾನೇ ಇದರರ್ಥ? ಅದಕ್ಕೆ 'ಕುಲಕಲ್ವಿ' ಎಂಬ ಹೆಸರು ಬಿತ್ತು. ಹೋರಾಟದ ಬಿಸಿಗೆ 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು. ನಮ್ಮ ದಕ್ಷಿಣ ಕನ್ನಡ, ಕೊಳ್ಳೇಗಾಲ ಆಗ ಮದರಾಸು ರಾಜ್ಯದಲ್ಲೇ ಇದ್ದವು ಎಂಬುದನ್ನು ನಮ್ಮ ಶಿಕ್ಷಣದ ಚರಿತ್ರೆ ಬರೆಯುವವರು ಮರೆಯಬಾರದು.

ಹಾಗಾದರೆ ಮನೆ ಮತ್ತು ಕೇರಿಯಿಂದ ಮಗು ಕಲಿಯುವುದೆಲ್ಲ ಸಂಕೋಲೆಯೇ? ಇಲ್ಲ. ಇಲ್ಲಿ ದೇವನೂರ ಮಹಾದೇವರ 'ಒಡಲಾಳ'ದ ಕಡೆ ನೋಡಬೇಕು. ಕದ್ದು ತಂದ ಕಡ್ಲೆಕಾಯಿಯ ಮೂಟೆಯ ಸುತ್ತ ಸಾಕವ್ವನ ಮನೆಯವರೆಲ್ಲ ಕೂತು ತಿನ್ನುವ ಆ ರಾತ್ರಿಯನ್ನು ಹಸಿವಿನ ದೃಶ್ಯ ಎಂದು ನಮ್ಮ ವಿಮರ್ಶಕರು ಬಹಳ ಬರೆದಿದ್ದಾರೆ. ನನಗೆ ಅದು ಕನ್ನಡದಲ್ಲಿ ಬಂದಿರುವ ಒಳ್ಳೆಯ ಬಾಲವಾಡಿಗಳಲ್ಲಿ ಒಂದಾಗಿಯೂ ಕಾಣುತ್ತದೆ. ಮುದುಕಿಯಿಂದ ಕೂಸಿನವರೆಗೆ ಎಲ್ಲರೂ ಒಂದೇ ಸುತ್ತಿನಲ್ಲಿದ್ದಾರೆ. ಮಾತು, ನಗು, ಜಗಳ, ಕತೆ ಎಲ್ಲವೂ ಆ ರಾಶಿಯ ಸುತ್ತ ಓಡಾಡುತ್ತವೆ. ಯಾರನ್ನೂ ಸುತ್ತಿನಿಂದ ಆಚೆ ಕೂರಿಸಿಲ್ಲ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಅವಳಿಗೆ ಕಾಗದ ಕೊಟ್ಟವರಿಲ್ಲ, ಬಣ್ಣದ ಪೆಟ್ಟಿಗೆ ಕೊಟ್ಟವರಿಲ್ಲ, ಆದರೆ ಗೋಡೆ ಮೇಲೆ ಬರೀಬೇಡ ಅಂದವರೂ ಇಲ್ಲ. ಬೆಳಗಾದರೆ ಪೊಲೀಸರು ಬರುತ್ತಾರೆ. ಅಲ್ಲಿಗೆ ಈ ಸುತ್ತಿನ ಮೇಲೆ ರಾಜ್ಯದ ಕಣ್ಣು ಬೀಳುತ್ತದೆ, ಅದಕ್ಕೆ ಕಾಣುವುದು ಕಳ್ಳತನ ಮಾತ್ರ. ಮನೆಯೊಳಗೆ ಮಕ್ಕಳು ಏನು ಕಲಿತಿದ್ದರು ಎಂಬುದನ್ನು ಬರೆದುಕೊಳ್ಳಲು ಮಹಜರಿನ ಕಾಗದದಲ್ಲಿ ಜಾಗವಿಲ್ಲ.

ಕುಲಕಲ್ವಿಗೂ ಒಡಲಾಳದ ಆ ರಾತ್ರಿಗೂ ಇರುವ ವ್ಯತ್ಯಾಸ ಇಷ್ಟು. ಒಂದರಲ್ಲಿ ಮನೆಯ ಸಂಬಂಧ ಮಗುವನ್ನು ಕಸುಬಿಗೆ ಕಟ್ಟಿಹಾಕುತ್ತದೆ. ಇನ್ನೊಂದರಲ್ಲಿ ಮಗುವಿನ ಕೈ ಯಾವ ಕಸುಬಿಗೂ ಸೇರದ ಒಂದು ನವಿಲನ್ನು ಬರೆಯುತ್ತದೆ. ಸಹಭಾಗಿ ಕಲಿಕೆಯ ಪುಸ್ತಕಗಳು ಈ ಎರಡನ್ನೂ 'ಸಮುದಾಯದ ಜ್ಞಾನ' ಎಂಬ ಒಂದೇ ಗೋಣಿಗೆ ತುಂಬುತ್ತವೆ. ನಮ್ಮ ವಿಮರ್ಶೆ ಮಾಡಬೇಕಾದ ಕೆಲಸ ಈ ಗೋಣಿಯನ್ನು ಬಿಚ್ಚುವುದು.

ಈಗ ಅಂಗಳದ ಮಾತು. ನಾವು ದಿನಕ್ಕೆ ಹತ್ತು ಸಲ ಬಳಸುವ 'ಅಂಗನವಾಡಿ' ಎಂಬ ಪದದ ಹೊಟ್ಟೆಯಲ್ಲಿ ಕೇರಿ ಇದೆ ಎಂದು ಎಷ್ಟು ಜನಕ್ಕೆ ಗೊತ್ತು? ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕರ ಜೊತೆ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ್, ಮಾಂಟೆಸ್ಸರಿ ಶಿಕ್ಷಣ ಉಳ್ಳವರ ಮಕ್ಕಳ ಪಾಲಾಗುತ್ತಿರುವುದನ್ನು ಕಂಡು 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಬಂದರು. ಅನುತಾಯಿ ವಾಘ್ ಅವರ ಜೊತೆಯಾದರು. ಊರಿನ ಬಾಲವಾಡಿಗೆ ದಲಿತ ಕೇರಿಯ ಮಕ್ಕಳು ಬಾರದೆ ಹೋದಾಗ ಬಾಲವಾಡಿಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ಅಂಗಳದ ವಾಡಿ, ಅಂಗನವಾಡಿ. ಮುಂದೆ ಅವರು ಕೋಸಬಾಡದ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು, ಸುತ್ತ ಸಿಗುವ ಕಲ್ಲು, ಬೀಜ, ಎಲೆಗಳಿಂದಲೇ ಪಾಠದ ಸಾಮಾನು ಮಾಡಿದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ತಂದಾಗ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ಟಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ.

ತಾರಾಬಾಯಿ, ಅನುತಾಯಿ ಇಬ್ಬರ ಬಗ್ಗೆಯೂ ನನಗೆ ಗೌರವವಿದೆ. ಮಗು ಬಾರದಿದ್ದರೆ ಶಾಲೆ ಹೋಗಬೇಕು ಎಂದು ಯೋಚಿಸಿದವರು ನಮ್ಮಲ್ಲಿ ಎಷ್ಟು ಜನ? ಆದರೂ ವಿಮರ್ಶೆಯ ಪ್ರಶ್ನೆ ಉಳಿಯುತ್ತದೆ. ಬಾಲವಾಡಿ ಕೇರಿಯ ಅಂಗಳಕ್ಕೆ ಹೋದದ್ದರಿಂದ ಕೇರಿಯ ಮಗುವಿಗೆ ಹಾಡು, ಅಕ್ಷರ, ಶುಚಿ ಸಿಕ್ಕಿತು. ಊರಿನ ಮಗುವಿಗೆ ಏನು ಸಿಕ್ಕಿತು? ಕೇರಿಯ ಮಗುವಿನ ಪಕ್ಕ ಕೂರದೆಯೇ ಬೆಳೆಯುವ ಸೌಕರ್ಯ ಸಿಕ್ಕಿತು. ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಹೊಸ ಅಂಗನವಾಡಿಗಳಿಗೆ ದಲಿತ, ಆದಿವಾಸಿ ವಾಸದ ನೆಲೆಗಳಲ್ಲಿ ಆದ್ಯತೆ ಇರಲಿ ಎಂದದ್ದು ನ್ಯಾಯವೇ. ದೂರದ ಅಂಗನವಾಡಿಗೆ ಹಸಿದ ಕೂಸು ನಡೆದು ಹೋಗಲಾರದು. ಆದರೆ ನ್ಯಾಯವಾದದ್ದೇ ಎರಡು ಅಂಗಳಗಳನ್ನೂ ಗಟ್ಟಿ ಮಾಡಿತಲ್ಲ ಎಂಬ ಸಂಕಟಕ್ಕೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ.

ನನ್ನವ್ವ ಒಂದು ಅಂಗನವಾಡಿಯಲ್ಲಿ ಸಹಾಯಕಿ. ಹೆಸರು, ಊರು ಬೇಡ. ಕಾರ್ಯಕರ್ತೆ ಊರಿನವರು, ಅವ್ವ ಕೇರಿಯವಳು. ಕಾರ್ಯಕರ್ತೆ ಕೆಟ್ಟವರಲ್ಲ, ಹಬ್ಬಕ್ಕೆ ಅವ್ವನಿಗೆ ಸೀರೆಯನ್ನೂ ಕೊಡುತ್ತಾರೆ. ಅವ್ವ ಅವರನ್ನು 'ಮೇಡಮ್ಮೋರೆ, ಬನ್ನಿ' ಅನ್ನುತ್ತಾಳೆ. ಅವರು ಅವ್ವನನ್ನು ಹೆಸರು ಹಿಡಿದು 'ಬಾರೇ' ಅನ್ನುತ್ತಾರೆ, ವಯಸ್ಸಿನಲ್ಲಿ ಅವ್ವ ಹತ್ತು ವರ್ಷ ದೊಡ್ಡವಳು. ಒಂದು ದಿನ ನಾನು ಅಲ್ಲಿ ಕೂತಿದ್ದಾಗ ಮೂರೂವರೆ ವರ್ಷದ ಹುಡುಗನೊಬ್ಬ ಟೀಚರನ್ನು 'ನೀವು' ಅಂದು ಅದೇ ಉಸಿರಿನಲ್ಲಿ ಅವ್ವನನ್ನು ಹೆಸರಿಟ್ಟು 'ನೀರು ತಕಾ ಬಾರೇ' ಅಂದ. ಬಹುವಚನ ಏಕವಚನದ ಪಾಠ ಅವನಿಗೆ ಆಗಿಹೋಗಿತ್ತು. ಗೋಡೆಯ ಮೇಲಿದ್ದ ಅ ಆ ಇ ಈ ಇನ್ನೂ ಬಂದಿರಲಿಲ್ಲ. ಮಕ್ಕಳು ಅಲ್ಲಿ ಮೊದಲು ಓದುವ ಪಠ್ಯ ಆ ಇಬ್ಬರು ಹೆಂಗಸರ ನಡುವಿನ ಸಂಬಂಧ. 'ಚಿಲಿಪಿಲಿ' ಪಠ್ಯಕ್ರಮವಿರಲಿ, ಹೊಸ ಶಿಕ್ಷಣ ನೀತಿಯ ಮೂರರಿಂದ ಎಂಟು ವರ್ಷದ 'ಬುನಾದಿ ಹಂತ'ವಿರಲಿ, ಈ ಪಠ್ಯವನ್ನು ತಿದ್ದುವ ಬಗ್ಗೆ ಏನು ಹೇಳುತ್ತವೆ? ದೊಡ್ಡವರಿಬ್ಬರೂ ಒಬ್ಬರಿಗೊಬ್ಬರು 'ನೀವು' ಅಂದರೆ ಸಾಕು, ಅದು ನನ್ನ ಮಟ್ಟಿಗೆ ಒಂದು ವರ್ಷದ ಪಾಠಕ್ಕೆ ಸಮ. ಅವ್ವನಿಗೆ ಹೇಳಿದೆ. 'ನಿನ್ ಕಾಲೇಜಲ್ಲಿ ಯೋಳು ಓಗು ಅದ್ನ' ಅಂದಳು.

ಕರ್ನಾಟಕದಲ್ಲಿ ಕೂಡಿ ಕಲಿಯುವುದನ್ನು ನಿಜಕ್ಕೂ ಮಾಡಿ ತೋರಿಸಿದ ಒಂದು ಪ್ರಯತ್ನವಿದೆ, ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯ. ನಲಿ ಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಾರ್ಡುಗಳನ್ನು ಬರೆದು ಶುರುಮಾಡಿದ್ದು. ಜೇನುಕುರುಬರ, ಕಾಡುಕುರುಬರ ಹಾಡಿಗಳಿರುವ ತಾಲ್ಲೂಕು ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಅದು ಬಂತು. ಇದರಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ, ಆ ಗುಂಪುಗಳಿಗೆ 'ತಟ್ಟೆ' ಎಂದು ಹೆಸರು. ಮೊದಲ ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದರಲ್ಲಿ ಭಾಗಶಃ, ಮೂರನೆಯದರಲ್ಲಿ ಸಹಪಾಠಿಗಳ ಸಹಾಯ, ನಾಲ್ಕರಲ್ಲಿ ಅದೂ ಭಾಗಶಃ, ಐದರಲ್ಲಿ ತಾನೇ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಸುಗ್ಗಿಗೋ ಕಬ್ಬು ಕಡಿಯಲಿಕ್ಕೋ ಅಪ್ಪ ಅವ್ವನ ಜೊತೆ ಹೋದ ಮಗು ತಿಂಗಳ ನಂತರ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಮ್ಮ ಮಕ್ಕಳನ್ನು 'ಗೈರುಹಾಜರು' ಎಂಬ ಒಂದು ಪದದಿಂದ ಶಾಲೆಯಿಂದ ಆಚೆ ಹಾಕುತ್ತಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. 1920ರ ಜನವರಿಯ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಅಂಬೇಡ್ಕರ್ ಹಿಂದೂ ಸಮಾಜವನ್ನು ಏಣಿಯೇ ಇಲ್ಲದ ಅಂತಸ್ತುಗಳ ಗೋಪುರಕ್ಕೆ ಹೋಲಿಸಿದ್ದರು. ಆ ಗೋಪುರದೊಳಗೆ ಒಂದು ಏಣಿ ತಂದು ಒರಗಿಸಿದ ಮೇಷ್ಟ್ರುಗಳಿಗೆ ನಮಸ್ಕಾರ.

ಆದರೆ ಮೂರನೇ ತಟ್ಟೆಯ ಬಗ್ಗೆ ನನ್ನ ಪ್ರಶ್ನೆ. ಅಲ್ಲಿ ನೆರವು ಕೊಡುವ ಮಗು ಯಾರು, ತೆಗೆದುಕೊಳ್ಳುವ ಮಗು ಯಾರು? ವೈಗೋಟ್‌ಸ್ಕಿಯ 'ಹೆಚ್ಚು ಬಲ್ಲ ಸಹಪಾಠಿ' ಕೇರಿಯವಳಾದರೆ ಊರಿನ ಹುಡುಗ ಅವಳಿಂದ ಹೇಳಿಸಿಕೊಳ್ಳುತ್ತಾನೆಯೆ? ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2000ದ ದಶಕದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಆರು, ಏಳನೇ ತರಗತಿಯ 642 ಹುಡುಗರು, ಅರ್ಧ ಮೇಲ್ಜಾತಿ, ಅರ್ಧ ಕೆಳಜಾತಿ. ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸಬೇಕು, ಬಿಡಿಸಿದಷ್ಟಕ್ಕೆ ದುಡ್ಡು. ಜಾತಿಯ ಸುದ್ದಿ ಎತ್ತದಿದ್ದಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಸಮಸಮ ಬಿಡಿಸಿದರು. ಅದೇ ಗುಂಪಿನಲ್ಲಿ ಒಬ್ಬೊಬ್ಬರ ಹೆಸರು, ಊರು, ಜಾತಿ ಗಟ್ಟಿಯಾಗಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳು ಸುಮಾರು ಐದನೇ ಒಂದು ಪಾಲು ಕಡಿಮೆಯಾದವು. ಇವರು ಚಿಕ್ಕಮಕ್ಕಳಲ್ಲ ನಿಜ, ಹನ್ನೊಂದು ಹನ್ನೆರಡರ ಪ್ರಾಯದವರು. ಆದರೆ ಹಾಫ್, ಪಾಂಡೆ ಅವರು ಕಂಡದ್ದನ್ನು ನಮ್ಮ ಆತ್ಮಕಥನಗಳು ಮೊದಲೇ ಹೇಳಿದ್ದವು. ಮಗುವಿನ ತಲೆಯಲ್ಲಿ ಕೊರತೆಯಿಲ್ಲ, ಅದರ ಸುತ್ತ ಕೂತವರ ನೋಟದಲ್ಲಿ ಕಲಿಕೆಯನ್ನು ಕುಗ್ಗಿಸುವ ಶಕ್ತಿಯಿದೆ. ಅಂದಮೇಲೆ ಇಲ್ಲೂ ಸಂಬಂಧವೇ ಕೆಲಸ ಮಾಡುತ್ತಿದೆ. ವೈಗೋಟ್‌ಸ್ಕಿ ಹೇಳಿದ ವಲಯ ಹಿಗ್ಗುವಂತೆ ಕುಗ್ಗಲೂಬಹುದು.

ತಟ್ಟೆ ಎಂದಾಗ ಮಧ್ಯಾಹ್ನದ ತಟ್ಟೆಯೂ ಬರಬೇಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕೆಂದಿತು. 2002ರಲ್ಲಿ ನಮ್ಮಲ್ಲಿ ಅಕ್ಷರ ದಾಸೋಹ ಬಂತು. 2004ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಇರಲಿ ಎಂದಿತು. ಆಮೇಲೆ ಊರಿಂದೂರಿಗೆ ಏನಾಯಿತು ಎಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಮೂರನೇ ತಟ್ಟೆಯಲ್ಲಿ ಕೂಡಿ ಕಲಿತ ಮಕ್ಕಳು ಮಧ್ಯಾಹ್ನ ಮನೆಯಿಂದ ಡಬ್ಬ ತಂದರು. ಎಲ್ಫಿನ್‌ಸ್ಟನ್ ಹೈಸ್ಕೂಲಿನ ಬೋರ್ಡಿನ ಹಿಂದಿದ್ದ ಆ ಡಬ್ಬವೇ ಅದು. ಆದರೆ ಕೆಲವು ಊರುಗಳಲ್ಲಿ ಮಕ್ಕಳು ಮನೆಯಲ್ಲಿ ಹೇಳದೆ ತಿಂದರು ಎಂಬುದನ್ನೂ ನಾನು ಬಲ್ಲೆ. ಶಿಕ್ಷಣಶಾಸ್ತ್ರದ ಯಾವ ಕೈಪಿಡಿಯೂ ಗುರುತು ಹಾಕಿಕೊಳ್ಳದ ಸಹಭಾಗಿ ಕಲಿಕೆ ಈ ಗುಟ್ಟಿನ ಊಟದಲ್ಲಿದೆ. ಅವ್ವಂದಿರಿಂದ ಮುಚ್ಚಿಟ್ಟು ಅನ್ನ ಹಂಚಿಕೊಂಡ ಆ ಮಕ್ಕಳ ಬಗ್ಗೆ ಯಾರಾದರೂ ಒಂದು ಕತೆ ಬರೆಯಬಾರದೆ?

ಈಗಿನ ಸಂಗತಿ ಇನ್ನೊಂದು ಬಗೆಯದು. ಹಳ್ಳಿಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಬರುತ್ತದೆ. ಉಳ್ಳವರ ಮಕ್ಕಳು ಟೈ ಕಟ್ಟಿಕೊಂಡು ಕಾನ್ವೆಂಟಿಗೆ ಹೋಗುತ್ತಾರೆ. ಎಷ್ಟೋ ಕಡೆ ಸರ್ಕಾರಿ ಶಾಲೆಯ ಐದು ತಟ್ಟೆಗಳಲ್ಲೂ ಉಳಿದಿರುವವರು ಕೇರಿಯವರೇ, ಬಡವರೇ. ಗೋಣಿತಟ್ಟು ಹೋಗಿದೆ, ಮೂಲೆಯೂ ಹೋಗಿದೆ. ಇಡೀ ಶಾಲೆಯೇ ಮೂಲೆಯಾಗಿದೆ. ಯಾರ ಜೊತೆ ಕೂಡಿ ಕಲಿಯಬೇಕಿತ್ತೋ ಅವರೇ ಎದ್ದುಹೋದ ಮೇಲೆ ಕೂಡಿ ಕಲಿಯುವ ಅತ್ಯುತ್ತಮ ವಿಧಾನವನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಮು ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟುಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಇಡಬೇಕೆಂದಿತು. ಒಂದೇ ಬೆಂಚಿನ ಬಗ್ಗೆ ಈ ದೇಶದ ಕಾನೂನು ಆಡಿದ ಗಟ್ಟಿ ಮಾತು ಅದು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಬೆಂಗಳೂರಿನ ಒಂದು ಶಾಲೆಯಲ್ಲಿ ಈ ಸೀಟಿನಲ್ಲಿ ಬಂದ ಮಕ್ಕಳ ಕೂದಲು ಕತ್ತರಿಸಿ ಗುರುತು ಮಾಡಿದ್ದಾರೆ ಎಂಬ ಆರೋಪ ಪತ್ರಿಕೆಗಳಲ್ಲಿ ಬಂತು. ಕ್ಷೌರಿಕ ಮುಟ್ಟುವುದಿಲ್ಲವೆಂದು ಅಕ್ಕನೇ ತಮ್ಮನ ಕೂದಲು ಕತ್ತರಿಸುತ್ತಿದ್ದ ಸತಾರಾದ ಮನೆ ನೆನಪಾಗದೇ ಇರುತ್ತದೆಯೆ? 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಿತು. ಸರ್ಕಾರಿ ಶಾಲೆ ಉಳಿಸಲು ಎಂದು ಹೇಳಲಾಯಿತು, ನಮ್ಮ ಪ್ರಗತಿಪರ ಗೆಳೆಯರಲ್ಲೂ ಹಲವರು ಒಪ್ಪಿದರು. ಸರ್ಕಾರಿ ಶಾಲೆ ಉಳಿಯಬೇಕು ಎಂದು ಕೂಗುವವರಲ್ಲಿ ನಾನೂ ಒಬ್ಬಳು. ಆದರೆ ಅದನ್ನು ಉಳಿಸುವ ಹೊರೆಯನ್ನು ನಮ್ಮ ಮಕ್ಕಳ ತಲೆಯ ಮೇಲೆ ಮಾತ್ರ ಹೊರಿಸಿ, ಉಳ್ಳವರ ಮಕ್ಕಳ ವ್ಯಾನನ್ನು ಹೋಗಲು ಬಿಟ್ಟದ್ದು ಯಾವ ಸಹಭಾಗಿತ್ವ?

ದಲಿತ ವಿಮರ್ಶೆಯ ಗೆಳೆಯರಲ್ಲಿ ನಾನು ಕೇಳುವುದು ಇಷ್ಟು. ಡಿ.ಇಡಿ. ಕಾಲೇಜುಗಳಲ್ಲಿ ಮಗುವಿನ ಮನೋವಿಜ್ಞಾನದ ಪಾಠದ ಜೊತೆ 'ಜೂಠನ್'ನ ಪೊರಕೆಯ ಭಾಗವನ್ನೂ, ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಆರಂಭವನ್ನೂ ಓದಿಸಲು ಒತ್ತಾಯಿಸೋಣ. ಐನೋರ ಹೊಲದಲ್ಲಿ ಎತ್ತಿನ ಬದಲು ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಕಂಡುಕೊಳ್ಳುವ ಮಗು ಆ ಗಳಿಗೆಯಲ್ಲಿ ಏನನ್ನು ಕಲಿಯಿತು ಎಂದು ಮುಂದೆ ಮೇಷ್ಟ್ರಾಗುವವರು ಕೂತು ಚರ್ಚೆ ಮಾಡಲಿ. ಸಾಹಿತ್ಯ ಎಂದು ಓದಿ ಮೆಚ್ಚಿ ಬಿಡುವುದು ಬೇಡ, ಪಾಠಯೋಜನೆಯ ಪುಸ್ತಕದಲ್ಲಿ ಬರೆಯಲಿ. ಹಾಗೆಯೇ ನಮ್ಮ ಎಂ.ಎ. ತರಗತಿಗಳು ಅಂಗನವಾಡಿಗೆ ಹೋಗಿ ಒಂದು ಹೊತ್ತು ಸುಮ್ಮನೆ ಕೂತು ಬರಲಿ. ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾರ ಮಗುವಿನ ಮೂಗು ಯಾರು ಒರೆಸುತ್ತಾರೆ, ನೀರಿನ ಲೋಟ ಎಲ್ಲಿದೆ ಎಂದು ನೋಡಿ ಬರಲಿ.

ಅವ್ವನ ಅಂಗನವಾಡಿಗೆ ಈಚೆಗೆ ಹೊಸ ಬಣ್ಣ ಬಂದಿದೆ. ಗುತ್ತಿಗೆಯವರು ಬಂದು ಗೋಡೆಯ ತುಂಬ ಚಿತ್ರ ಬರೆದು ಹೋಗಿದ್ದಾರೆ. ನ ಅಂದರೆ ನವಿಲು, ಎಣ್ಣೆಬಣ್ಣದ್ದು, ದೊಡ್ಡವರ ತಲೆಗಿಂತ ಎತ್ತರದಲ್ಲಿದೆ. ಮಕ್ಕಳು ಗೋಡೆ ಮುಟ್ಟಿ ಕೊಳೆ ಮಾಡದಂತೆ ನೋಡಿಕೊಳ್ಳಬೇಕು ಎಂದು ಮೇಲಿನಿಂದ ಹೇಳಿದ್ದಾರಂತೆ. ಅವ್ವ ಹಿಂದಿನ ಅಡುಗೆ ಕೋಣೆಯ ಬಣ್ಣ ಕಾಣದ ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾಳೆ. ಇದ್ದಿಲು ಹಿಡಿದು ಏನೇನೋ ಗೀಚಿದ್ದಾವೆ. ಊರ ಕಡೆಯಿಂದ ಬರುವ ಎರಡು ಮಕ್ಕಳೂ ಅದರಲ್ಲಿ ಸೇರಿವೆ ಅಂತ ಹೇಳಿದಳು. ಯಾವುದು ಯಾರು ಬರೆದದ್ದು ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ.